ಬೋರ್ಡು ಬರೆಸುವ ಮೊದಲು

(ಸಂಘದ ವಾಚನಾಲಯದಲ್ಲಿ ಮಾಡಿದ ಭಾಷಣ)



ಮುಂಬಯಿಗೆ ನೌಕರಿಗೆಂದು ಬಂದ ನಮ್ಮಲ್ಲಿ ಅನೇಕರು ಸಂಬಳದಲ್ಲಿ ನಾಲ್ಕು ಕಾಸು ಉಳಿಸಿ, ಒಂದು ಖಾನಾವಳಿಯನ್ನೋ ಮಸಾಲೆ ಪುಡಿಯ ಅಂಗಡಿಯನ್ನೋ ತೆರೆಯುವ ಆಸೆಯುಳ್ಳವರು. ಜಾಗದ ಬಾಡಿಗೆ, ಪಾತ್ರೆ ಪಡಗ, ಆಳಿನ ಸಂಬಳ ಎಲ್ಲಕ್ಕೂ ಲೆಕ್ಕ ಹಾಕುತ್ತೇವೆ. ಹೆಸರನ್ನು ಮಾತ್ರ ಪೇಂಟರು ಬಂದು ನಿಂತಾಗ ಯೋಚಿಸುತ್ತೇವೆ. ಆ ಹೆಸರು ಅದೇ ವ್ಯಾಪಾರದಲ್ಲಿ ಆಗಲೇ ಇನ್ನೊಬ್ಬರದಾಗಿದ್ದರೆ ವಕೀಲರ ನೋಟೀಸು ಬಂದೀತು. ಆಗ ಬೋರ್ಡು, ಬಿಲ್ಲು ಪುಸ್ತಕ, ಪೊಟ್ಟಣ ಎಲ್ಲವೂ ದಂಡ. ಗಿರಾಕಿಗಳ ಬಾಯಲ್ಲಿ ನಿಂತ ಹೆಸರೂ ಹೋಯಿತು.

"ಗುಮಾಸ್ತಾ ಲೈಸೆನ್ಸು ಇದೇ ಹೆಸರಿನಲ್ಲಿದೆ, ಇನ್ನೇನು ಭಯ?" ಎನ್ನುವವರಿದ್ದಾರೆ. ಅದು ಅಂಗಡಿ ನಡೆಸುವುದಕ್ಕೆ ಸಂಬಂಧಿಸಿದ ಕಾಗದ, ಹೆಸರಿನ ಒಡೆತನದ ಪತ್ರವಲ್ಲ. ಒಡೆತನದ ಮಾತು 1999ರ ಟ್ರೇಡ್ ಮಾರ್ಕ್ ಕಾಯಿದೆಗೆ ಸೇರಿದ್ದು.

ಎಂಥ ಹೆಸರು ಒಳ್ಳೆಯದು? ಊರಿನ ಹೆಸರಾಗಲಿ, "ಶುದ್ಧ", "ರುಚಿಕರ" ಎಂಬಂಥ ಗುಣವಾಚಕವಾಗಲಿ ಸಾಮಾನ್ಯವಾಗಿ ಒಬ್ಬರ ಸ್ವತ್ತಾಗಿ ನೋಂದಣಿಯಾಗುವುದಿಲ್ಲ. "ಉಡುಪಿ ಹೋಟೆಲು" ಎಂದು ಹತ್ತು ಜನರಂತೆ ತಾವೂ ಬರೆಸಬಹುದು. ಹನ್ನೊಂದನೆಯವನನ್ನು ತಡೆಯಲು ಮಾತ್ರ ಆಗದು.

ದೇವರ ಹೆಸರಿನ ವಿಷಯಕ್ಕೆ ನಮ್ಮ ನಾಡಿನದೇ ಒಂದು ದಾವೆ ಇದೆ. ಕರ್ನಾಟಕದ ಹಾಲು ಮಹಾಮಂಡಲವು 1985ರಿಂದ "ನಂದಿನಿ" ಎಂಬ ಹೆಸರಿನಲ್ಲಿ ಹಾಲು ಮಾರುತ್ತಿತ್ತು. ಬೆಂಗಳೂರಿನ ಒಂದು ಹೋಟೆಲು 1989ರಿಂದ "ನಂದಿನಿ ಡೀಲಕ್ಸ್" ಎಂದು ನಡೆಯುತ್ತಿತ್ತು. ಹೋಟೆಲಿನವರು ನೋಂದಣಿ ಕೇಳಿದಾಗ ಮಹಾಮಂಡಲ ಆಕ್ಷೇಪಿಸಿತು. ಉಚ್ಚ ನ್ಯಾಯಾಲಯದಲ್ಲಿ ಹೋಟೆಲಿಗೆ ಸೋಲಾಯಿತು. ಕೊನೆಗೆ 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೋಟೆಲಿನ ಪರ ತೀರ್ಪಿತ್ತಿತು. ನಂದಿನಿ ಎಂಬುದು ಪುರಾಣದ ಹೆಸರು, ಯಾರೂ ಹೊಸದಾಗಿ ಕಟ್ಟಿದ ಪದವಲ್ಲ; ಎರಡು ಗುರುತುಗಳ ರೂಪ ಬೇರೆ, ಸರಕೂ ಬೇರೆ ಎಂಬುದು ಅದರ ಸಾರ. ಹಾಲು ಮತ್ತು ಹಾಲಿನ ಪದಾರ್ಥಗಳನ್ನು ಹೋಟೆಲಿನವರು ಬಿಟ್ಟುಕೊಟ್ಟರು.

ಗೆದ್ದರು, ನಿಜ. ಆದರೆ ದೆಹಲಿಯವರೆಗೆ ಹೋಗುವ ಶಕ್ತಿ ನಮ್ಮ ಚಿಕ್ಕ ಖಾನಾವಳಿಗೆ ಎಲ್ಲಿಯದು? ಆದುದರಿಂದ ಮೊದಲೇ ನೋಡಿಕೊಳ್ಳುವುದೇ ಬಡವನ ವಕೀಲಿ.

ನೋಡುವುದು ಕಷ್ಟವಲ್ಲ. ಟ್ರೇಡ್ ಮಾರ್ಕ್ ಕಚೇರಿಯ ಜಾಲತಾಣದಲ್ಲಿ ಬಿಟ್ಟಿಯಾಗಿ ಹುಡುಕಬಹುದು. ಸರಕು, ಸೇವೆಗಳನ್ನು 45 ವರ್ಗಗಳಾಗಿ ವಿಂಗಡಿಸಿದ್ದಾರೆ: ಮಸಾಲೆಗೆ 30, ಹೋಟೆಲಿಗೆ 43. ಕಾಗುಣಿತ ಒಂದನ್ನೇ ನೋಡಬೇಡಿ, ಕಿವಿಗೆ ಒಂದೇ ಆಗಿ ಕೇಳುವ ಹೆಸರುಗಳನ್ನೂ ನೋಡಿ. ಗಿರಾಕಿಗೆ ಗೊಂದಲವಾದೀತೇ ಎಂಬುದೇ ಮುಖ್ಯ ಪ್ರಶ್ನೆ. ನೋಂದಣಿಯಿಲ್ಲದ ಹಳೆಯ ಅಂಗಡಿಗೂ ಹಕ್ಕುಂಟು, ಪೇಟೆಯಲ್ಲೂ ವಿಚಾರಿಸಿ.

ಹೆಸರು ಖಾಲಿ ಇದ್ದರೆ ಅರ್ಜಿ ಹಾಕಿ. ಜಾಲತಾಣದ ಮೂಲಕ ಸಲ್ಲಿಸಿದರೆ ಒಬ್ಬ ವ್ಯಕ್ತಿಗೆ ಒಂದು ವರ್ಗಕ್ಕೆ 4,500 ರೂಪಾಯಿ ಶುಲ್ಕ. ಪತ್ರಿಕೆಯಲ್ಲಿ ಪ್ರಕಟವಾದ ಮೇಲೆ ನಾಲ್ಕು ತಿಂಗಳೊಳಗೆ ಯಾರಾದರೂ ಆಕ್ಷೇಪಿಸಬಹುದು. ನೋಂದಣಿಯಾದರೆ 10 ವರ್ಷದ ಹಕ್ಕು, ಮುಂದೆ ನವೀಕರಿಸಿಕೊಳ್ಳಬಹುದು. ನೋಂದಣಿಗೆ ಮೊದಲೇ ವೃತ್ತದೊಳಗಿನ "ಆರ್" ಚಿಹ್ನೆ ಹಾಕುವುದು ಕಾಯಿದೆಗೆ ವಿರುದ್ಧ.

ಕೊನೆಯದಾಗಿ, ಮೊದಲ ದಿನದ ಬಿಲ್ಲನ್ನೂ ಬೋರ್ಡು ಬರೆಸಿದ ರಸೀತಿಯನ್ನೂ ಜೋಪಾನವಾಗಿಡಿ. ನಾಳೆ ಇನ್ನೊಬ್ಬನು ತಮ್ಮ ಹೆಸರನ್ನೇ ನೋಂದಾಯಿಸಿ ಬಂದರೂ, ಅವನಿಗಿಂತ ಮೊದಲಿನಿಂದ ಬಳಸುತ್ತಿದ್ದೀರೆಂದು ತೋರಿಸಿದರೆ ಕಾಯಿದೆ ತಮ್ಮ ಕೈ ಬಿಡುವುದಿಲ್ಲ. ಬೆವರಿನಿಂದ ಗಳಿಸಿದ ಹೆಸರು ತಮ್ಮಲ್ಲೇ ಉಳಿಯಲೆಂದು ಹಾರೈಸಿ ಮಾತು ಮುಗಿಸುತ್ತೇನೆ.