ವಿಳಾಸ ಹುದ್ದೆಯದಾಗಿರಲಿ
(ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ತುಮಕೂರಿನ ಹೆಸರಿನ ಇಂಗ್ಲಿಷ್ ಕಾಗುಣಿತ 2014ರ ನವೆಂಬರ್ 1ರಂದು ಬದಲಾಯಿತು. ಆದರೆ 572101 ಎಂಬ ಪಿನ್‌ಕೋಡ್ ಬದಲಾಗಲಿಲ್ಲ. ಗುಬ್ಬಿಗೆ 572216, ಕುಣಿಗಲ್‌ಗೆ 572130. ಯಾವ ಸಂಖ್ಯೆ ಯಾವ ಊರಿನದು ಎಂಬ ಪಟ್ಟಿ ಅಂಚೆ ಇಲಾಖೆಯ ಬಳಿ ಇರುವುದರಿಂದಲೇ ಕಾಗದಗಳು ದಾರಿ ತಪ್ಪುವುದಿಲ್ಲ. ಇ-ಮೇಲ್ ಸರ್ವರ್‌ಗೂ ಇಂಥದೇ ಒಂದು ಪಟ್ಟಿ ಬೇಕು.

ಸಂಘಗಳಲ್ಲಿ ಪದಾಧಿಕಾರಿಗಳು ಬದಲಾಗುತ್ತಾರೆ. ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಒಬ್ಬರ ಸ್ವಂತ ಇ-ಮೇಲ್ ವಿಳಾಸ ಅಚ್ಚಾಗಿದ್ದರೆ, ಅವರು ಹುದ್ದೆ ಬಿಟ್ಟ ಮೇಲೂ ಮಕ್ಕಳ ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಬ್ಯಾಂಕ್ ವಿವರಗಳು ಅವರಿಗೇ ಹೋಗುತ್ತವೆ. ಕೊನೆಯ ದಿನ ಕಳೆದುಹೋದರೆ ಬಡ ವಿದ್ಯಾರ್ಥಿಯ ಒಂದು ವರ್ಷವೇ ನಷ್ಟ. ಆದ್ದರಿಂದ 'ಕಾರ್ಯದರ್ಶಿ@' ಎಂಬಂತೆ ಹುದ್ದೆಯ ಹೆಸರಿನಲ್ಲೇ ವಿಳಾಸವಿರಲಿ. ಅದಕ್ಕೆ ಬಂದ ಪತ್ರವನ್ನು ಇಂದಿನ ಕಾರ್ಯದರ್ಶಿಗೆ ಸರ್ವರ್ ತಲುಪಿಸಲಿ.

ಇದನ್ನು ಮಾಡುವ ಉಚಿತ ತಂತ್ರಾಂಶಗಳಲ್ಲಿ ಪೋಸ್ಟ್‌ಫಿಕ್ಸ್ ಪ್ರಸಿದ್ಧವಾದುದು. ಐಬಿಎಂ ಸಂಶೋಧನಾ ಕೇಂದ್ರದಲ್ಲಿದ್ದ ವೀತ್ಸೆ ವೆನೆಮಾ ಅವರು ರಚಿಸಿದ ಇದು 1998ರಲ್ಲಿ ಹೊರಬಂತು. ಇದರಲ್ಲಿ 'ವರ್ಚುವಲ್' ಎಂಬ ಸಾಧಾರಣ ಪಠ್ಯ ಕಡತವೊಂದನ್ನು ಇಡುತ್ತಾರೆ. ಪ್ರತಿ ಸಾಲಿನ ಎಡಗಡೆ ಹುದ್ದೆಯ ವಿಳಾಸ, ನಡುವೆ ಖಾಲಿ ಜಾಗ, ಬಲಗಡೆ ಪತ್ರ ತಲುಪಬೇಕಾದ ವಿಳಾಸ. ಇಬ್ಬರಿಗೆ ಹೋಗಬೇಕಾದರೆ ಬಲಗಡೆ ಅಲ್ಪವಿರಾಮ ಹಾಕಿ ಎರಡೂ ವಿಳಾಸ ಬರೆಯಬಹುದು. 'ಅಲಿಯಾಸಸ್' ಎಂಬ ಇನ್ನೊಂದು ಕಡತವೂ ಇದೆ. ಅದರಲ್ಲಿ ಹೆಸರಿನ ಮುಂದೆ ಕೋಲನ್ ಚಿಹ್ನೆ ಬೇಕು, 'ವರ್ಚುವಲ್'ನಲ್ಲಿ ಬೇಡ. ಹೊಸಬರು ಎಡವುವುದು ಇಲ್ಲೇ.

ಇನ್ನೊಂದು ಮುಖ್ಯ ಮಾತು. 'ಹ್ಯಾಶ್' ಮಾದರಿಯ ಪಟ್ಟಿ ಇಟ್ಟುಕೊಂಡಿದ್ದರೆ ಪೋಸ್ಟ್‌ಫಿಕ್ಸ್ ನೀವು ಬರೆದ ಕಡತವನ್ನು ನೇರವಾಗಿ ಓದುವುದಿಲ್ಲ. ಬೇಗ ಹುಡುಕಲು ಅನುಕೂಲವಾಗುವಂತೆ ಅದರಿಂದ ತಯಾರಿಸಿದ ಸೂಚಿ ಕಡತವನ್ನು ಓದುತ್ತದೆ. ಆ ಸೂಚಿಯನ್ನು ತಯಾರಿಸುವ ಆದೇಶ 'ಪೋಸ್ಟ್‌ಮ್ಯಾಪ್'. ಹೆಸರು ತಿದ್ದಿ ಈ ಆದೇಶ ಕೊಡದಿದ್ದರೆ, ಪರದೆಯ ಮೇಲೆ ಹೊಸ ಕಾರ್ಯದರ್ಶಿಯ ವಿಳಾಸ ಕಂಡರೂ ಪತ್ರ ಹೋಗುವುದು ಹಳಬರಿಗೇ! ಅದೇ ಆದೇಶಕ್ಕೆ 'ಕ್ಯೂ' ಆಯ್ಕೆ ಸೇರಿಸಿ ಹುದ್ದೆಯ ವಿಳಾಸ ಕೊಟ್ಟರೆ, ಪತ್ರ ಯಾರಿಗೆ ಹೋಗುತ್ತದೆಂದು ಕಂಪ್ಯೂಟರೇ ಹೇಳುತ್ತದೆ. ತಿದ್ದುವುದು, ಸೂಚಿ ತಯಾರಿಸುವುದು, ಕೇಳಿ ನೋಡುವುದು. ಈ ಮೂರೂ ಆದರೆ ಮಾತ್ರ ಪಟ್ಟಿಯ ಕೆಲಸ ಮುಗಿಯಿತು.

ಆಮೇಲೆ ಹೊರಗಿನ ವಿಳಾಸದಿಂದ ಒಂದು ಪರೀಕ್ಷಾ ಪತ್ರ ಕಳುಹಿಸಿ. ನಾವು ಮುಂದಕ್ಕೆ ಕಳುಹಿಸಿದ ಪತ್ರವನ್ನು ಬೇರೆ ಕಂಪನಿಯ ಸರ್ವರ್ ಅನುಮಾನದಿಂದ ತಿರಸ್ಕರಿಸುವುದುಂಟು. ಮೂಲ ಕಳುಹಿಸುವವರ ಪರವಾಗಿ ಪತ್ರ ಕಳುಹಿಸಲು ಅನುಮತಿಯಿರುವ ಸರ್ವರ್‌ಗಳ ಪಟ್ಟಿಯಲ್ಲಿ ನಮ್ಮ ಸರ್ವರ್ ಹೆಸರು ಇರುವುದಿಲ್ಲವಲ್ಲ, ಅದೇ ಕಾರಣ. ಆದ್ದರಿಂದ ಪತ್ರ ನಿಜವಾಗಿ ಕೈಸೇರಿತೇ ಎಂದು ಕೇಳಿ ಖಚಿತಪಡಿಸಿಕೊಳ್ಳಬೇಕು.

ವಿದ್ಯಾರ್ಥಿ ಮಿತ್ರರೇ, ಈ ಕೆಲಸಕ್ಕೆ ದೊಡ್ಡ ಪದವಿ ಬೇಕಿಲ್ಲ, ಶ್ರದ್ಧೆ ಬೇಕು. ಪದಾಧಿಕಾರಿಗಳು ಅಧಿಕಾರ ಹಸ್ತಾಂತರಿಸುವ ದಿನ ಲೆಕ್ಕದ ಪುಸ್ತಕ, ಬೀಗದ ಕೈಗಳ ಜೊತೆಗೆ ಈ ಪಟ್ಟಿಯನ್ನೂ ತಿದ್ದಿಸಿಕೊಳ್ಳಲಿ. ನಮ್ಮನ್ನು ನಂಬಿ ಅರ್ಜಿ ಕಳುಹಿಸುವ ಮಗುವಿನ ಕಾಗದ ಸರಿಯಾದ ಕೈ ಸೇರಲಿ.