ಪ್ಲಿಟ್ವಿಟ್ಸೆಯ ಸರೋವರಗಳು

ಕ್ರೊಯೇಷಿಯಾ ದೇಶದ ಪ್ಲಿಟ್ವಿಟ್ಸೆ ಎಂಬ ಮಲೆಗಣಿವೆಯಲ್ಲಿ 16 ಸರೋವರಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿದಿವೆ. ಒಂದರ ನೀರು ತುಳುಕಿ, ಜಲಪಾತವಾಗಿ ಧುಮುಕಿ, ಕೆಳಗಿನದನ್ನು ತುಂಬುತ್ತದೆ. 1949ರಿಂದ ಇದು ರಾಷ್ಟ್ರೀಯ ಉದ್ಯಾನ. ಅಲ್ಲಿಯ ಹಿರಿಯ ಜಲಪಾತದ ಎತ್ತರ 78 ಮೀಟರು.

ಈ ಸರೋವರಗಳಿಗೆ ಕಟ್ಟೆ ಕಟ್ಟಿದವರಾರು ಬಲ್ಲಿರಾ? ಹಾವಸೆ ಮತ್ತು ಪಾಚಿ! ಸುಣ್ಣಕಲ್ಲನ್ನು ಕರಗಿಸಿಕೊಂಡು ಬರುವ ನೀರು ಅವುಗಳ ಮೇಲೆ ಹರಿಯುವಾಗ ಸುಣ್ಣವನ್ನು ಅಲ್ಲಿಯೇ ಬಿಟ್ಟುಹೋಗುತ್ತದೆ. ಹಾವಸೆ ಕಲ್ಲಾಗುತ್ತದೆ, ಕಲ್ಲಿನ ಮೇಲೆ ಮತ್ತೆ ಹಾವಸೆ ಚಿಗುರುತ್ತದೆ. ಹೀಗೆ ಸಾವಿರಾರು ವರ್ಷ ಬೆಳೆದ ಕಟ್ಟೆ ಇಂದಿಗೂ ಬೆಳೆಯುತ್ತಲೇ ಇದೆ. ಆದರೆ ಅದು ಮನುಷ್ಯನ ತುಳಿತವನ್ನು ತಾಳದು. ಅದಕ್ಕೆಂದೇ ಅಲ್ಲಿ ಮರದ ಹಲಗೆಯ ಹಾದಿ, ಈಜಲು ಅಪ್ಪಣೆಯಿಲ್ಲ.

ಹೋಗುವ ಯೋಗ ಬಂದರೆ ಕಣ್ತುಂಬ ನೋಡಿರಿ. ಹಲಗೆ ಬಿಟ್ಟು ಹೆಜ್ಜೆಯಿಡಬೇಡಿರಿ.