ಲಿಫ್ಟ್ ನಿಂತ ಮೇಲೆ: ಕಚೇರಿಗಳ ತುರ್ತು ತೆರವು ಮತ್ತು ಚಲನವೈಕಲ್ಯವುಳ್ಳ ಉದ್ಯೋಗಿಗಳು

ಬಹುಮಹಡಿ ಕಟ್ಟಡದಲ್ಲಿ ಬೆಂಕಿ ಕಾಣಿಸಿಕೊಂಡಾಗ ಲಿಫ್ಟ್ ಬಳಸಬಾರದು, ಮೆಟ್ಟಿಲಿನಿಂದಲೇ ಇಳಿಯಬೇಕು ಎಂಬ ಫಲಕ ಕಚೇರಿಗಳ ಗೋಡೆಯ ಮೇಲೆ ಸಾಮಾನ್ಯವಾಗಿ ಇರುತ್ತದೆ. ಗಾಲಿಕುರ್ಚಿಯಲ್ಲಿ ಕುಳಿತು ದುಡಿಯುವವರು, ಊರುಗೋಲು ಹಿಡಿದು ನಡೆಯುವವರು, ತುಂಬುಗರ್ಭಿಣಿಯರು, ಮಂಡಿಯ ಶಸ್ತ್ರಚಿಕಿತ್ಸೆಯಾಗಿ ಕೆಲಸಕ್ಕೆ ಮರಳಿದವರು ಆಗ ಏನು ಮಾಡಬೇಕೆಂಬುದನ್ನು ಮಾತ್ರ ಅದು ಹೇಳುವುದಿಲ್ಲ.

ನ್ಯೂಯಾರ್ಕಿನ ವಿಶ್ವ ವ್ಯಾಪಾರ ಕೇಂದ್ರದಲ್ಲಿ 1993ರ ಫೆಬ್ರವರಿ 26ರಂದು ಬಾಂಬ್ ಸ್ಫೋಟಿಸಿದ ಬಳಿಕ, ಅದರ ಒಡೆತನ ಹೊಂದಿದ್ದ ಪೋರ್ಟ್ ಅಥಾರಿಟಿಯು ತೆರವು ಕುರ್ಚಿಗಳನ್ನು ಖರೀದಿಸಿತು. ತೆರವು ಕುರ್ಚಿಯೆಂದರೆ ಮಡಚಿ ಗೋಡೆಗೆ ತೂಗುಹಾಕಬಹುದಾದ ಹಗುರ ಕುರ್ಚಿ; ಅದರ ಹಿಂಬದಿಯ ಪಟ್ಟಿಗಳು ಮೆಟ್ಟಿಲಂಚುಗಳ ಮೇಲೆ ತಡೆತಡೆದು ಜಾರುವುದರಿಂದ, ಹಿಡಿದವರು ಭಾರ ಹೊರಬೇಕಿಲ್ಲ, ವೇಗವನ್ನಷ್ಟೇ ಹತೋಟಿಯಲ್ಲಿಡಬೇಕು. 2001ರ ಸೆಪ್ಟೆಂಬರ್ 11ರ ದಾಳಿಯಂದು ಅದೇ ಕೇಂದ್ರದ ಉತ್ತರ ಗೋಪುರದ 69ನೇ ಮಹಡಿಯಲ್ಲಿದ್ದ, ಕೈಕಾಲುಗಳ ಬಲ ಕಳೆದುಕೊಂಡಿದ್ದ ಜಾನ್ ಅಬ್ರುಝೊ ಅವರನ್ನು ಸಹೋದ್ಯೋಗಿಗಳು ಇಂಥದೇ ಕುರ್ಚಿಯಲ್ಲಿ ಸರದಿಯ ಮೇಲೆ ಹಿಡಿದಿಳಿಸಿ, ಗೋಪುರ ಕುಸಿಯುವ ಮುನ್ನ ಹೊರಗೆ ತಂದರು. ಅದೇ ಗೋಪುರದ 27ನೇ ಮಹಡಿಯಲ್ಲಿ ಗಾಲಿಕುರ್ಚಿಯಲ್ಲಿದ್ದ ಎಡ್ ಬೇಯಾ ಮತ್ತು ಅವರನ್ನು ಬಿಟ್ಟುಹೋಗಲು ಒಪ್ಪದ ಗೆಳೆಯ ಏಬ್ ಝೆಲ್ಮನೋವಿಟ್ಸ್ ರಕ್ಷಣಾ ಸಿಬ್ಬಂದಿಯ ನೆರವಿಗಾಗಿ ಕಾದರು, ಇಬ್ಬರೂ ಉಳಿಯಲಿಲ್ಲ. ಇವರಿಗಿಂತ 42 ಮಹಡಿ ಮೇಲಿದ್ದ ಅಬ್ರುಝೊ ಬದುಕಿದರೆಂಬ ಸಂಗತಿಯನ್ನು ಗಮನಿಸಿದರೆ, ಎತ್ತರಕ್ಕಿಂತ ಹೆಚ್ಚಿನದೇನೋ ಅಲ್ಲಿ ನಿರ್ಣಾಯಕವಾಗಿತ್ತೆಂದು ಒಪ್ಪಬೇಕಾಗುತ್ತದೆ: ಕೈಗೆಟಕುವಲ್ಲಿ ಕುರ್ಚಿ, ಅದನ್ನು ಹಿಡಿಯಲು ಜನ.

ಬೆಂಗಳೂರಿನ ಕಾರ್ಲ್ಟನ್ ಟವರ್ಸ್‌ನಲ್ಲಿ 2010ರ ಫೆಬ್ರವರಿ 23ರಂದು ಬೆಂಕಿ ಬಿದ್ದು 9 ಮಂದಿ ಸತ್ತಾಗ, ಕಾಲು ಗಟ್ಟಿಯಿದ್ದವರಿಗೂ ಹೊಗೆ ತುಂಬಿದ ಮೆಟ್ಟಿಲು ದಾರಿಯಾಗಲಿಲ್ಲ. ದಾರಿ ತೆರೆದಿರಬೇಕೆಂಬುದು ಎಲ್ಲರ ಮೊದಲ ಅಗತ್ಯ. ಚಲನವೈಕಲ್ಯವುಳ್ಳವರ ಯೋಜನೆ ಅದರ ಮೇಲೆಯೇ ನಿಲ್ಲುತ್ತದೆ.

2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯು 24 ಮೀಟರ್‌ಗಿಂತ ಎತ್ತರದ ಕಟ್ಟಡಗಳಲ್ಲಿ ಆಶ್ರಯ ಪ್ರದೇಶವನ್ನು, ಅಂದರೆ ಬೆಂಕಿ ಹೊಗೆಗಳಿಂದ ದೂರವಾಗಿ ಕೆಲಹೊತ್ತು ನಿಲ್ಲಬಹುದಾದ ಜಾಗವನ್ನು, ಬಯಸುತ್ತದೆ. ಅದು ಕಾಯುವ ಜಾಗವೇ ಹೊರತು ತಲುಪುವ ಜಾಗವಲ್ಲ. ಅಲ್ಲಿಂದ ಯಾರು, ಹೇಗೆ ಇಳಿಸುತ್ತಾರೆಂಬುದು ಬರೆದಿಡದಿದ್ದರೆ ಯೋಜನೆ ಅರ್ಧಕ್ಕೇ ನಿಂತಂತೆ. ಆ ಉಳಿದರ್ಧವನ್ನು ತುಂಬುವುದೇ ವೈಯಕ್ತಿಕ ತೆರವು ಯೋಜನೆ, ಎಂದರೆ ಒಬ್ಬ ಉದ್ಯೋಗಿಯ ಅಗತ್ಯಕ್ಕೆ ತಕ್ಕಂತೆ ಅವರೊಡನೆಯೇ ಕುಳಿತು ಸಿದ್ಧಪಡಿಸುವ ಬರಹ. ಗಾಲಿಕುರ್ಚಿಯಿಂದ ತೆರವು ಕುರ್ಚಿಗೆ ದಾಟಿಸುವ ಆ ಒಂದೆರಡು ನಿಮಿಷವೇ ಅತ್ಯಂತ ಕಷ್ಟದ್ದು; ಕಂಕುಳಡಿ ಕೈಹಾಕಿದರೆ ನೋಯುತ್ತದೆಯೇ, ಬೆನ್ನಿಗೆ ಆಸರೆ ಬೇಕೇ, ಕಾಲು ಸೆಟೆಯುತ್ತದೆಯೇ ಎಂಬುದು ಅವರಿಗಲ್ಲದೆ ಬೇರೆಯವರಿಗೆ ಗೊತ್ತಿರುವುದಿಲ್ಲ. ಬ್ಯಾಟರಿಯ ಭಾರದ ಗಾಲಿಕುರ್ಚಿ ಮೇಲೆಯೇ ಉಳಿಯುವುದರಿಂದ ಕೆಳಗೆ ಮತ್ತೊಂದು ಆಸನ ಸಿದ್ಧವಿರಬೇಕು. ಸಹಾಯಕರಲ್ಲೊಬ್ಬರು ರಜೆಯಲ್ಲಿದ್ದರೆ ಅಥವಾ ಉದ್ಯೋಗಿ ರಾತ್ರಿ ಪಾಳಿಯಲ್ಲಿದ್ದರೆ ಬದಲಿಗೆ ಯಾರೆಂಬುದೂ ಹೆಸರು ಸಹಿತ ಇರಬೇಕು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 8ನೇ ಕಲಮು ಅಪಾಯದ ಸಂದರ್ಭದಲ್ಲಿ ಸಮಾನ ರಕ್ಷಣೆಯನ್ನು ಹಕ್ಕಾಗಿ ಹೇಳುತ್ತದೆ. ಹೀಗಿದ್ದೂ ಅಣಕು ತೆರವಿನ ದಿನ ಗಾಲಿಕುರ್ಚಿಯ ಉದ್ಯೋಗಿಗೆ ‘ನೀವು ಕೂತೇ ಇರಿ’ ಎನ್ನುವುದು ಕರುಣೆಯಂತೆ ಕಂಡರೂ ನಿಜದಲ್ಲಿ ಉಪೇಕ್ಷೆಯೇ. ಸಂಸ್ಥೆಗಳ ಹೊಣೆಗಾರರು ಮುಂದಿನ ಅಣಕು ತೆರವಿನಲ್ಲಿ, ಆ ಉದ್ಯೋಗಿಯ ಒಪ್ಪಿಗೆ ಪಡೆದು, ಅವರನ್ನೂ ನೆಲಮಹಡಿಯವರೆಗೆ ಇಳಿಸಿ ನೋಡಬೇಕು.